ಕೋಚಿಂಗ್ ಫಿಲಾಸಫಿ ಬಗ್ಗೆ ಒಂದು ಪುಟ ಬರೀಬೇಕಂತೆ, ನನ್ನದು ಒಂದೇ ಸಾಲಿಗೆ ನಿಂತಿದೆ

ಬೇಲೆಕೇರಿ ರೇಡರ್:

ಎಲ್ಲರಿಗೂ ನಮಸ್ಕಾರ. ಅಂಕೋಲಾ ಕಡೆ ನಮ್ಮೂರ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ಹಗಲು ಐಸ್ ಫ್ಯಾಕ್ಟರಿ ಕೆಲಸ, ಸಂಜೆ ಐದೂವರೆಗೆ ಅಂಕಣ. ಸಂಬಳ ಇಲ್ಲ, ಯಾರೂ ನೇಮಿಸಿದ್ದೂ ಅಲ್ಲ. ಮೊದಲು ನಾನೇ ಆಡುತ್ತಿದ್ದೆ. ಮಂಡಿ ಹೋಯಿತು. ಮನೆಯಲ್ಲಿ ಕೂರೋಕೆ ಹುಡುಗರು ಬಿಡಲಿಲ್ಲ. ಹೀಗೆ ಒಂಬತ್ತು ವರ್ಷ ಆಯಿತು.

ಈಗ ಒಂದು ಕೋಚಿಂಗ್ ಕೋರ್ಸಿಗೆ ಅರ್ಜಿ ಹಾಕುತ್ತಿದ್ದೇನೆ. ಎಷ್ಟು ವರ್ಷ ಆಡಿದ್ದೀರಿ, ಯಾವ ಮಟ್ಟ ಅಂತೆಲ್ಲ ಕೇಳಿ, ಕೊನೆಗೆ ‘ನಿಮ್ಮ ಕೋಚಿಂಗ್ ಫಿಲಾಸಫಿ ಏನು? ಒಂದು ಪುಟದಲ್ಲಿ ಬರೆಯಿರಿ’ ಅಂತ ಇದೆ. ಮೂರು ರಾತ್ರಿ ಕೂತೆ. ‘ಆಟಗಾರ ಮೊದಲು, ಗೆಲುವು ಆಮೇಲೆ’ ಅಂತ ಬರೆದೆ. ಎಲ್ಲೋ ಓದಿದ್ದು. ಎರಡನೇ ಸಾಲು ಬರಲೇ ಇಲ್ಲ.

ಯಾಕೆ ಬರಲಿಲ್ಲ ಅಂತ ಹೇಳಿಬಿಡುತ್ತೇನೆ. ಕಳೆದ ಜನವರಿಯಲ್ಲಿ ಒಂದು ಹೊನಲು ಬೆಳಕಿನ ಪಂದ್ಯಾವಳಿ. 55 ಕೆಜಿ ವಿಭಾಗ. ನಮ್ಮ ಎಡ ಕಾರ್ನರ್ ಹುಡುಗ, ಅಂದರೆ ಎಡ ಮೂಲೆಯಲ್ಲಿ ನಿಂತು ರೇಡರ್‌ನನ್ನು ಹಿಡಿಯುವವ, ಆಂಕಲ್ (ಕಣಕಾಲು) ಹಿಡಿದರೆ ಬಿಡುವವನಲ್ಲ. ಹಿಂದಿನ ಸಂಜೆ ರೇಷನ್ ಅಂಗಡಿಯ ತೂಕದ ಮಷಿನ್ ಮೇಲೆ ನಿಲ್ಲಿಸಿದರೆ 57. ತೂಕ ನೋಡುವುದು ಮರುದಿನ ಸಂಜೆ ಐದಕ್ಕೆ. ರಾತ್ರಿ ಊಟ ಬಿಡಿಸಿದೆ. ಬೆಳಿಗ್ಗೆಯೂ ಬಿಡಿಸಿದೆ. ಮಧ್ಯಾಹ್ನ ಎರಡು ಸ್ವೆಟರ್, ಮೇಲೊಂದು ರೇನ್‌ಕೋಟ್ ಹಾಕಿಸಿ ಕಡಲ ತಡಿಯ ಮರಳಿನಲ್ಲಿ ಓಡಿಸಿದೆ. ನೀರು ಕೇಳಿದಾಗ ಬಾಯಿ ಮುಕ್ಕಳಿಸಿ ಉಗುಳು ಅಂದೆ. 54.9 ಬಂತು. ಹುಡುಗರೆಲ್ಲ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಸೆಮಿಫೈನಲ್‌ನ ಎರಡನೇ ಅವಧಿಯಲ್ಲಿ ಅವನ ಎರಡೂ ಮೀನಖಂಡ ಹಿಡಿದುಕೊಂಡವು. ತಿಕ್ಕಿ, ಎಳೆದು, ಎಬ್ಬಿಸಿ ಮತ್ತೆ ಒಳಗೆ ಕಳಿಸಿದೆ. ಗೆದ್ದೆವು. ಫೈನಲ್ಲೂ ಗೆದ್ದೆವು. ಹತ್ತು ಸಾವಿರ ರೂಪಾಯಿ, ನನ್ನ ಎದೆಮಟ್ಟದ ಟ್ರೋಫಿ.

ಮರುದಿನ ಅವನ ಅಮ್ಮ ಮೀನಿನ ಬುಟ್ಟಿ ಹೊತ್ತು ಹೋಗುವಾಗ ಐಸ್ ಫ್ಯಾಕ್ಟರಿ ಎದುರು ನಿಂತರು. ‘ತಮಾ, ಮನೆಯಲ್ಲಿ ಅನ್ನ ಇಲ್ಲದೆ ಮಕ್ಕಳು ಉಪವಾಸ ಬಿದ್ದಿದ್ದು ಉಂಟು. ಅನ್ನ ಇದ್ದೂ ಉಪವಾಸ ಹಾಕಿದವ ನೀನೇ ಮೊದಲು’ ಅಂದರು. ಬೈಯಲಿಲ್ಲ. ಅಷ್ಟು ಹೇಳಿ ಹೋದರು.

ಈಗ ‘ಆಟಗಾರ ಮೊದಲು’ ಅಂತ ಯಾವ ಮುಖ ಇಟ್ಟುಕೊಂಡು ಬರೆಯಲಿ? ಅರ್ಜಿಗೆ ಇನ್ನು ಹನ್ನೆರಡು ದಿನ ಇದೆ. ನೀವೆಲ್ಲ ಏನು ಬರೆದಿರಿ?

ಘಟ್ಟದ ಮೇಲಿನವ:

ಶಿರಸಿಯಿಂದ. ವಾಲಿಬಾಲ್. ಅವರು ಅದನ್ನೆಲ್ಲ ಓದೋದೇ ಇಲ್ಲ ಮಾರಾಯ್ರೆ. ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಅರ್ಜಿಗೆ ನಾನು ಶಿಸ್ತು, ಸಮಯಪಾಲನೆ, ಸರ್ವಾಂಗೀಣ ಬೆಳವಣಿಗೆ ಅಂತ ತುಂಬಿಸಿ ಕಳಿಸಿದ್ದೆ. ಸೀಟು ಸಿಕ್ಕಿತು. ಸರ್ವಾಂಗೀಣ ಅಂದರೆ ಏನು ಅಂತ ಯಾರೂ ಕೇಳಲಿಲ್ಲ, ಪುಣ್ಯಕ್ಕೆ.

ಇಷ್ಟು ಬರೆದ ಮೇಲೆ ನಿಮ್ಮ ಹುಡುಗನ ಕತೆ ಇನ್ನೊಮ್ಮೆ ಓದಿದೆ. ಮೇಲಿನದನ್ನು ಅಳಿಸಬೇಕು ಅನಿಸಿತು, ಇರಲಿ. ಕೊಟ್ಟಿಗೆ ಕೆಲಸ ಇದೆ, ರಾತ್ರಿ ಬರೀತೇನೆ.

ನಿವೃತ್ತ ಪಿಟಿ ಮಾಸ್ತರ್, ಕುಮಟಾ:

ತಮಾ, ಎರಡನೇ ಸಾಲು ನೀನು ಆಗಲೇ ಬರೆದಿದ್ದೀಯ. ಕಳೆದ ಜನವರಿ ಅಂತ ಶುರುವಾಗುವುದನ್ನು ಇನ್ನೊಮ್ಮೆ ಓದು.

31 ವರ್ಷ ನಾನು ಪ್ರೌಢಶಾಲೆಗಳಲ್ಲಿ ಪಿಟಿ ಮಾಸ್ತರ್. ತತ್ವ ಏನು ಅಂತ ಯಾರಾದರೂ ಕೇಳಿದ್ದರೆ ನಾನೂ ಶಿಸ್ತು ಅನ್ನುತ್ತಿದ್ದೆ. ಶಿಸ್ತು ಅಂದರೆ ಏನು ಅಂತ ಕೇಳಿದ್ದರೆ ಸೀಟಿ ಊದಿ ತೋರಿಸುತ್ತಿದ್ದೆ. ಸುಮ್ನೆ ಕೂತು ಯೋಚಿಸಿದರೆ ನಮಗೆಲ್ಲ ಒಳ್ಳೊಳ್ಳೆಯ ತತ್ವಗಳೇ ಹೊಳೆಯುತ್ತವೆ. ಅದನ್ನು ಬಿಡು. ಗೆಲುವು ಒಂದು ಕಡೆ ಎಳೆದು, ಬೇರೆ ಏನೋ ಮತ್ತೊಂದು ಕಡೆ ಎಳೆದಾಗ ನೀನು ಯಾವ ಕಡೆ ವಾಲಿದೆ, ಅದನ್ನು ನೋಡು. ಒಂಬತ್ತು ವರ್ಷದಲ್ಲಿ ಅಂಥ ಐದಾರು ಸಲ ಆಗಿರುತ್ತದೆ. ಒಳ್ಳೆಯದೂ ಕೆಟ್ಟದ್ದೂ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆ. ನನ್ನದೊಂದು ಹೇಳುತ್ತೇನೆ.

ನಮ್ಮ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲ ಅಂದರೆ ಹೆಡ್ ಮಾಸ್ತರ್ ‘ಜೂನ್ 1’ ಅಂತ ಬರೆದುಬಿಡುತ್ತಿದ್ದರು. ಶಾಲೆ ಶುರುವಾಗುವ ಹೊತ್ತು, ಲೆಕ್ಕಕ್ಕೆ ಸುಲಭ. ಒಂದು ವರ್ಷ ನನ್ನ ಖೋಖೋ ತಂಡದ ಹನ್ನೆರಡರಲ್ಲಿ ಏಳು ಮಂದಿ ಜೂನ್ 1ಕ್ಕೆ ಹುಟ್ಟಿದವರು! ಮೀಸೆ ಬಂದವನೂ ಅದರಲ್ಲಿ ಒಬ್ಬ. ಅವನಿಗೆ ಎರಡು ವರ್ಷ ಜಾಸ್ತಿ ಅಂತ ನನಗೆ ಗೊತ್ತಿತ್ತು, ಅವನ ತಮ್ಮನೂ ನನ್ನ ಕ್ಲಾಸಿನಲ್ಲೇ ಇದ್ದ. ಕಾಗದ ಸರಿ ಇತ್ತಲ್ಲ, ಆಡಿಸಿದೆ. ಜಿಲ್ಲಾ ಮಟ್ಟಕ್ಕೆ ಹೋದೆವು. ಆ ಜಾಗದಲ್ಲಿ ಆಡಬೇಕಾಗಿದ್ದ ಹುಡುಗ ಎಲ್ಲರ ಚೀಲ ಕಾಯುತ್ತ ಕೂತಿದ್ದ. ಈಗ ಅವನದು ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ. ಹೋದ ವರ್ಷ ನನ್ನ ಸ್ಕೂಟರಿಗೆ ಗಾಳಿ ಹಾಕುತ್ತ, ‘ಮಾಸ್ತರೇ, ನನ್ನ ಗಾಳಿ ನೀವು ತೆಗೆದಿದ್ರಿ. ನೋಡಿ, ನಾನು ನಿಮಗೆ ತುಂಬುತ್ತಿದ್ದೇನೆ’ ಅಂದ. ನಗುತ್ತಲೇ ಅಂದ. ದುಡ್ಡು ತಕ್ಕೊಳ್ಳಲಿಲ್ಲ.

2015ರ ಡಿಸೆಂಬರಿನಲ್ಲಿ ಕ್ರಿಕೆಟಿಗ ರಾಹುಲ್ ದ್ರಾವಿಡ್ ಕ್ರಿಕೆಟ್ ಮಂಡಳಿಯ ಪಟೌಡಿ ಉಪನ್ಯಾಸದಲ್ಲಿ ಇದೇ ವಯಸ್ಸಿನ ಮೋಸದ ಬಗ್ಗೆ ಮಾತಾಡಿದರು. ಪ್ರಾಮಾಣಿಕ ಹುಡುಗನ ಜಾಗ ಹೋಗುತ್ತದೆ, ಜೊತೆಗೆ ಮೋಸ ಮಾಡೋದನ್ನು ಮಗುವಿಗೆ ದೊಡ್ಡವರೇ ಕಲಿಸಿದ ಹಾಗಾಗುತ್ತದೆ ಅನ್ನೋದು ಅವರ ಮಾತಿನ ಸಾರ. ಪೇಪರಿನಲ್ಲಿ ಓದಿದಾಗ ನನಗೆ ನೆನಪಾದದ್ದು ಆ ಚೀಲದ ರಾಶಿ.

ಸೋತರೆ ಊಟ ಇಲ್ಲ:

ಎಲ್ಲರೂ ಅಳೋದು ಮುಗಿದಿದ್ದರೆ ಒಂದು ಮಾತು.

ನಾನು ಹೊನ್ನಾವರದವ. ಕಬಡ್ಡಿ ಆಡಿ ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದವ. ನಮ್ಮ ಕೋಚ್ ಹುಣಸೆ ಬರಲು, ಅಂದರೆ ಸಪೂರ ಕೋಲು, ಇಟ್ಟುಕೊಂಡೇ ಬರುತ್ತಿದ್ದರು. ರೇಡಿಗೆ ಹೋಗಿ ಬರಿಗೈಯಲ್ಲಿ ಬಂದರೆ ಮೀನಖಂಡಕ್ಕೆ ಒಂದು. ಇವತ್ತು ನನ್ನ ತಂಗಿಯ ಮದುವೆ ಆಗಿದೆ, ಮನೆಗೆ ಹೆಂಚು ಹೋಗಿ ಸ್ಲ್ಯಾಬ್ ಬಂದಿದೆ. ಯಾವ ಫಿಲಾಸಫಿ ಮಾಡಿಕೊಟ್ಟಿತು?

ದೊಡ್ಡ ಊರಿನ ಅಪಾರ್ಟ್‌ಮೆಂಟ್ ಮಕ್ಕಳಿಗೆ ‘ಆಟವನ್ನು ಆನಂದಿಸು’ ಅನ್ನೋದು ಸರಿ. ಅವರಿಗೆ ಬೇರೆ ದಾರಿ ಇದೆ. ದೋಣಿಗೆ ಹೋಗುವ ಹುಡುಗನಿಗೆ ಸೇನೆ, ರೈಲ್ವೆ, ಪೊಲೀಸ್ ಈ ಮೂರೇ ಬಾಗಿಲು. ಆ ಬಾಗಿಲಿಗೆ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟಿಗೆ ಗೆಲ್ಲಬೇಕು. ಒಂದು ದಿನ ಅನ್ನ ಬಿಟ್ಟರೆ ಏನಾಯಿತು? ಏಕಾದಶಿಗೆ ಬಿಡಲ್ವಾ?

ಖೋಖೋ ಅಕ್ಕೋರು:

‘ಸೋತರೆ ಊಟ ಇಲ್ಲ’ ಅಣ್ಣಾ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ನಮ್ಮ ಮಕ್ಕಳಿಗೆ ಸರ್ಟಿಫಿಕೇಟ್ ಅನ್ನೋದು ಅಲಂಕಾರ ಅಲ್ಲ. ಗೆಲುವು ಮುಖ್ಯ ಅಲ್ಲ ಅಂತ ಹೇಳುವ ಕೋಚ್ ನನಗೂ ನಂಬಿಕೆ ಹುಟ್ಟಿಸೋದಿಲ್ಲ. ಮಕ್ಕಳು ಗೆಲ್ಲೋಕೇ ಬಂದಿರುತ್ತವೆ.

ಆದರೆ ಏಕಾದಶಿಗೆ ಯಾರೂ ರೇನ್‌ಕೋಟ್ ಹಾಕಿಕೊಂಡು ಓಡೋದಿಲ್ಲ. ಹುಡುಗ ಒಂದು ದಿನದಲ್ಲಿ ಎರಡು ಕೆಜಿ ಇಳಿದ, ಹೋಗಿದ್ದು ಹೆಚ್ಚಿನಂಶ ನೀರು. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು ನೀರು ಹೋದರೆ ಸಾಕು, ಆಟ ಕುಸಿಯಲು ಶುರು. ಅವನದು ಸುಮಾರು ಮೂರೂವರೆ. ಸ್ನಾಯು ಹಿಡಿದಿದ್ದಕ್ಕೆ ನಿಂತಿತು ಅಂತ ಸಂತೋಷ ಪಡಿ. 1997ರ ನವೆಂಬರ್, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ ತೂಕ ಇಳಿಸಲು ಹೋಗಿ ಸತ್ತರು, ಒಂದೇ ತಿಂಗಳ ಆಸುಪಾಸಿನಲ್ಲಿ. ಬೆವರಿಳಿಸುವ ರಬ್ಬರ್ ಸೂಟು ಹಾಕಿಕೊಂಡು ಬಿಸಿ ಕೋಣೆಯಲ್ಲಿ ವ್ಯಾಯಾಮ. ಆಮೇಲೆ ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆ ಆ ಸೂಟುಗಳನ್ನೇ ನಿಷೇಧಿಸಿತು. ನಮ್ಮಲ್ಲಿ ಅದೇ ಸೂಟಿಗೆ ರೇನ್‌ಕೋಟ್ ಅಂತ ಹೆಸರು, ಅಷ್ಟೇ.

ಇನ್ನು ಬರಲಿನ ವಿಷಯ. ನಿಮ್ಮ ತಂಡದಲ್ಲಿ ಹನ್ನೆರಡು ಜನ ಇದ್ದರು ಅಂತ ಇಟ್ಟುಕೊಳ್ಳೋಣ. ಎಲ್ಲರಿಗೂ ಏಟು ಬಿದ್ದಿರುತ್ತದೆ. ನೌಕರಿ ಎಷ್ಟು ಜನಕ್ಕೆ ಸಿಕ್ಕಿತು? ಕೆಣಕೋಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಒಂದು ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದಲ್ಲಿ ಸ್ಮೋಲ್, ಸ್ಮಿತ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ತರಬೇತಿ ಕೊಟ್ಟರು. ತಪ್ಪು ಮಾಡಿದ ಕೂಡಲೇ ಬೈಯದೆ ಸರಿ ಮಾಡೋದು ಹೇಗೆ ಅಂತ ಹೇಳಿಕೊಡೋದು, ಇಂಥ ಸಣ್ಣ ವಿಷಯಗಳು. 1992ರಲ್ಲಿ ಬಂದ ಅವರ ತಂಡದ ಅಧ್ಯಯನದಲ್ಲಿ, ಆ ಕೋಚ್‌ಗಳ ಕೈಕೆಳಗೆ ಆಡಿದವರಲ್ಲಿ ಮರುವರ್ಷ ಆಟ ಬಿಟ್ಟವರು ನೂರಕ್ಕೆ 5. ಉಳಿದ ಕೋಚ್‌ಗಳ ಮಕ್ಕಳಲ್ಲಿ ನೂರಕ್ಕೆ 26. ಗೆಲುವು ಸೋಲಿನಲ್ಲಿ ಎರಡು ಗುಂಪಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಬೈದವರು ಜಾಸ್ತಿ ಏನೂ ಗೆಲ್ಲಲಿಲ್ಲ. ನಮ್ಮ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓಡುತ್ತಿದ್ದ ಹುಡುಗಿಯರು ಒಂಬತ್ತಕ್ಕೆ ಬರುವಾಗ ಎಲ್ಲಿ ಹೋಗುತ್ತಾರೆ ಅಂತ ನೋಡಿದವರಿಗೆ ಆ 26 ಸುಮ್ಮನೆ ಅಂಕಿ ಅನಿಸೋದಿಲ್ಲ.

ಬೇಲೆಕೇರಿಯ ತಮ್ಮಾ, ನನ್ನ ಫಿಲಾಸಫಿ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿದೆ. ಒಂದು, ಯಾವ ಹುಡುಗಿಯನ್ನೂ ಯಾರ ಗಾಡಿಯಲ್ಲೂ ಒಬ್ಬಳನ್ನೇ ಕಳಿಸೋದಿಲ್ಲ, ನನ್ನದು ಸೇರಿ. ಎರಡು, ಮುಟ್ಟಾದ ದಿನ ಬಂದು ಹೇಳಿದರೆ ಕೂತು ನೋಡಬಹುದು, ಆಡುತ್ತೇನೆ ಅಂದರೆ ಆಡಬಹುದು, ಆ ತೀರ್ಮಾನ ಅವಳದ್ದು. ಮೂರನೆಯದು ಹೇಳೋಕೆ ನಾಚಿಕೆ. ‘ಅಕ್ಕೋರು ಮಳೆ ಅಂತ ನೆಪ ಹೇಳಬಾರದು.’ ನಮ್ಮ ಕ್ರೀಡಾಕೂಟಗಳು ಬರುವುದೇ ಆಗಸ್ಟ್, ಸೆಪ್ಟೆಂಬರಿನಲ್ಲಿ. ಶಿರಸಿಯ ಮಳೆ ಗೊತ್ತಲ್ಲ. ಒಂದು ವರ್ಷ ಹದಿನೇಳು ದಿನ ಅಭ್ಯಾಸ ತಪ್ಪಿಸಿ, ಸೋತಾಗ ಮಕ್ಕಳಿಗೆ ಬೈದೆ. ಅವತ್ತು ಬಸ್ಸಿನಲ್ಲಿ ಕೂತು ಬರೆದದ್ದು.

ಕಾಳಿ ಸೇತುವೆ:

ಕಾರವಾರದಿಂದ, ಕೋಚ್ ಅಲ್ಲ, ಅಪ್ಪ. (ಹಳೆ ಸೇತುವೆ 2024ರಲ್ಲಿ ಬಿತ್ತು, ನನ್ನ ಹೆಸರು ಇನ್ನೂ ನಿಂತಿದೆ.) ಅಪ್ಪ ಅಮ್ಮಂದಿರ ಕಡೆಯಿಂದ ಎರಡು ಮಾತು.

ಮಗನನ್ನು ಒಂದು ಕ್ರಿಕೆಟ್ ಶಿಬಿರಕ್ಕೆ ಹಾಕಿದ್ದೆ. ಎರಡು ಬೇಸಿಗೆಯಲ್ಲಿ ಹನ್ನೊಂದು ಪಂದ್ಯ. ಒಂಬತ್ತರಲ್ಲಿ ನೀರು ಕೊಟ್ಟ. ಎರಡರಲ್ಲಿ ಕೊನೆಗೆ ಬ್ಯಾಟ್ ಹಿಡಿದು ಹೋದ, ಒಂದೂ ಚೆಂಡು ಆಡಲಿಲ್ಲ. ಅವನು ದೊಡ್ಡ ಆಟಗಾರ ಅಲ್ಲ, ನನಗೂ ಗೊತ್ತು. ಆದರೆ ಶುರುವಿನಲ್ಲೇ ‘ನಾವು ಗೆಲ್ಲಲು ಆಡಿಸುತ್ತೇವೆ, ನಿಮ್ಮವನಿಗೆ ಅವಕಾಶ ಕಡಿಮೆ’ ಅಂದಿದ್ದರೆ ನಾನು ಆ ದುಡ್ಡಿನಲ್ಲಿ ಸೈಕಲ್ ಕೊಡಿಸುತ್ತಿದ್ದೆ.

ಮಾಸ್ತರ್ರು ದ್ರಾವಿಡ್ ಹೆಸರು ಎತ್ತಿದ್ದಕ್ಕೆ ಹೇಳುತ್ತೇನೆ. ಅವರು ಭಾರತ ‘ಎ’ ತಂಡದ ಕೋಚ್ ಆಗಿದ್ದಾಗ, ಪ್ರವಾಸಕ್ಕೆ ಬಂದವರು ಯಾರೂ ಒಂದು ಪಂದ್ಯವನ್ನೂ ಆಡದೆ ಮನೆಗೆ ಹೋಗೋದಿಲ್ಲ ಅಂತ ಮೊದಲೇ ಹೇಳಿಬಿಡುತ್ತಿದ್ದರಂತೆ. 2018ರಲ್ಲಿ ಅಂಡರ್-19 ವಿಶ್ವಕಪ್ ಗೆದ್ದಾಗ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ 20 ಲಕ್ಷ ಅಂತ ಘೋಷಣೆ ಆಯಿತು. ಇದು ಸರಿ ಅಲ್ಲ ಅಂತ ಅವರು ಹೇಳಿದ ಮೇಲೆ ಎಲ್ಲರಿಗೂ 25 ಲಕ್ಷ ಮಾಡಿದರು. ಅಂದರೆ ಅವರ ಕೈಯಿಂದ 25 ಲಕ್ಷ ಹೋಯಿತು. ನಮ್ಮಲ್ಲಿ ಯಾರೂ 25 ಲಕ್ಷ ಬಿಡಬೇಕಾಗಿಲ್ಲ. ಕೊನೆಯ ಎರಡು ಓವರಿಗೆ ಒಬ್ಬ ಹುಡುಗನನ್ನು ಇಳಿಸಿದರೆ ಸಾಕು.

ಘಟ್ಟದ ಮೇಲಿನವ:

ಹೇಳಿದ ಹಾಗೆ ಬಂದೆ.

ನನ್ನ ತಂಡದಲ್ಲಿ ಒಂದೇ ಕಟ್ಟುನಿಟ್ಟು ಇತ್ತು. ತಡವಾಗಿ ಬಂದರೆ ಮೈದಾನಕ್ಕೆ ಹತ್ತು ಸುತ್ತು, ಕಾರಣ ಕೇಳೋದಿಲ್ಲ. ಕಾರಣ ಕೇಳದೇ ಇರೋದು ನ್ಯಾಯ ಅಂತ ನಂಬಿದ್ದೆ, ಎಲ್ಲರಿಗೂ ಒಂದೇ ಅಲ್ವಾ. ನಮ್ಮ ಸೆಟ್ಟರ್ ಹುಡುಗ, ಅಂದರೆ ಹೊಡೆಯುವವನಿಗೆ ಬೆರಳ ತುದಿಯಲ್ಲಿ ಚೆಂಡು ಎತ್ತಿಕೊಡುವವ, ಮಳೆಗಾಲದಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿದ್ದ. ನವೆಂಬರ್ ಬಂತು ಅಂದರೆ ದಿನಾ ತಡ. ದಿನಾ ಹತ್ತು ಸುತ್ತು. ಬಾಯಿ ಬಿಡಲಿಲ್ಲ. ಜನವರಿ ಹೊತ್ತಿಗೆ ಬರೋದೇ ನಿಲ್ಲಿಸಿದ.

ಒಂದು ದಿನ ಅವನ ಮನೆಗೆ ಹೋದೆ, ಬೈಯೋಕೇ ಹೋಗಿದ್ದು. ಅಂಗಳದಲ್ಲಿ ಅಡಿಕೆ ರಾಶಿ, ಸುತ್ತ ಎಂಟು ಜನ ಸುಲಿಯುತ್ತ ಕೂತಿದ್ದಾರೆ. ತೋಟ ಅವರದ್ದಲ್ಲ, ಸುಲಿದ ಲೆಕ್ಕಕ್ಕೆ ಕೂಲಿ. ಹುಡುಗ ಮೆಟ್ಟುಗತ್ತಿಯ ಮುಂದೆ ಕೂತು ಎರಡೂ ಕೈ ನೋಡದೆ ಓಡಿಸುತ್ತಿದ್ದ. ಕಣ್ಣು ಮೇಲೆ, ಬೆರಳು ಕೆಳಗೆ. ಈ ಬೆರಳಿಗೆ ನಾನು ಸೆಟ್ಟಿಂಗ್ ಕಲಿಸಿದೆ ಅಂದುಕೊಂಡಿದ್ದೆನಲ್ಲ ಅನಿಸಿತು. ಬೆರಳ ತುದಿಯೆಲ್ಲ ಅಡಿಕೆ ಚೊಗರಿಗೆ ಕಪ್ಪಾಗಿ ಸೀಳು ಬಿಟ್ಟಿತ್ತು. ಆ ಕೈಯಲ್ಲಿ ಚೆಂಡು ಮುಟ್ಟಿದರೆ ಉರಿಯುತ್ತದೆ.

ಈಗ ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಅಭ್ಯಾಸ ಬೆಳಿಗ್ಗೆ ಆರಕ್ಕೆ. ಚಳಿ, ಮಂಜು, ಚೆಂಡು ಕಲ್ಲಿನ ಹಾಗೆ. ಎಲ್ಲರೂ ಶಾಪ ಹಾಕುತ್ತಾರೆ. ತಡಕ್ಕೆ ಹತ್ತು ಸುತ್ತು ಈಗಲೂ ಇದೆ, ಅದು ಹೋಗಲಿಲ್ಲ. ಕಾರಣ ಮಾತ್ರ ಕೇಳುತ್ತೇನೆ.

ಆ ಹುಡುಗ ಮತ್ತೆ ಬಂದನಾ ಅಂತ ಕೇಳಬೇಡಿ. ಬರಲಿಲ್ಲ.

ಬೇಲೆಕೇರಿ ರೇಡರ್:

ಇದು ನಮ್ಮಲ್ಲೂ ಉಂಟು, ತಿಂಗಳು ಉಲ್ಟಾ. ಜೂನ್, ಜುಲೈ ಎರಡು ತಿಂಗಳು, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ. ಆಗ ನನ್ನ ಹತ್ತಿರ ಹತ್ತೊಂಬತ್ತು ಹುಡುಗರು. ಬಲೆ ನೇಯುವ ಶೆಡ್ಡಿನಲ್ಲಿ ಗೋಣಿ ಹಾಸಿ ಆಡಿಸುತ್ತೇನೆ. ಆಗಸ್ಟ್ ಬಂದರೆ ಏಳೆಂಟು. ಬೋಟಿಗೆ ಹೋದವನಿಗೆ ನಾನು ಏನೂ ಅನ್ನೋದಿಲ್ಲ. ಇದನ್ನು ಬರೆಯಬೇಕು ಅಂತ ಹೊಳೆದೇ ಇರಲಿಲ್ಲ.

ಮಾಸ್ತರೇ, ನೀವು ಹೇಳಿದ ಹಾಗೆ ನೋಟ್‌ಬುಕ್ ಹಿಡಿದು ಕೂತೆ. ನಾಲ್ಕು ಸಿಕ್ಕಿತು. ಎರಡರಲ್ಲಿ ನಾನು ಹುಡುಗರ ಕಡೆ, ಎರಡರಲ್ಲಿ ಟ್ರೋಫಿ ಕಡೆ. ಟ್ರೋಫಿ ಕಡೆ ವಾಲಿದ ಎರಡೂ ಸಲ ಸುತ್ತ ಜನ ಇದ್ದರು. ಮೈಕ್, ಲೈಟು, ಊರಿನವರು. ಹುಡುಗರ ಕಡೆ ನಿಂತದ್ದು ಯಾರೂ ಇಲ್ಲದಾಗ. ಇದನ್ನು ನೋಡಿ ನನಗೇ ಒಂಥರಾ ಆಯಿತು.

ನಿವೃತ್ತ ಪಿಟಿ ಮಾಸ್ತರ್, ಕುಮಟಾ:

ಜನ ಇದ್ದಾಗ ನಮ್ಮ ಕಿವಿ ಅಂಕಣದ ಹೊರಗೆ ಇರುತ್ತದೆ ತಮಾ. ನನಗೂ ಅಷ್ಟೇ ಆಗುತ್ತಿತ್ತು.

ಇನ್ನೊಂದು ಕೆಲಸ ಮಾಡಿ ನೋಡು. ಒಂದು ಸಂಜೆ ನಿನ್ನ ಬಾಯಿಯ ಲೆಕ್ಕ ಇಡಿಸು. ಅಮೆರಿಕದ ಜಾನ್ ವುಡನ್ ಅಂತ ಬ್ಯಾಸ್ಕೆಟ್‌ಬಾಲ್ ಕೋಚ್ ಇದ್ದರು. ಯುಸಿಎಲ್‌ಎ ಅನ್ನೋ ವಿಶ್ವವಿದ್ಯಾಲಯದ ತಂಡಕ್ಕೆ 12 ವರ್ಷದಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ತಂದವರು. ಸೀಸನ್ನಿನ ಮೊದಲ ದಿನ ಕಾಲುಚೀಲ ಹಾಕೋದು ಹೇಗೆ ಅಂತ ಹೇಳಿಕೊಡುತ್ತಿದ್ದರು. ಮಡಿಕೆ ಬಿದ್ದರೆ ಬೊಕ್ಕೆ ಬರುತ್ತದೆ, ಬೊಕ್ಕೆ ಬಂದರೆ ಆಟ ಹೋಗುತ್ತದೆ ಅಂತ. 1974-75ರಲ್ಲಿ ಇಬ್ಬರು ಸಂಶೋಧಕರು ಅವರ ಅಭ್ಯಾಸದ ಹೊತ್ತು ಕೂತು ಆಡಿದ ಮಾತು, ಮಾಡಿದ ಸನ್ನೆ ಎಲ್ಲ ಎಣಿಸಿದರು. 2,326. ಅದರಲ್ಲಿ ಮುಕ್ಕಾಲು ಪಾಲು ಬರೀ ವಿಷಯ: ಹೀಗೆ ತಿರುಗು, ಇಲ್ಲಿ ನಿಲ್ಲು, ಅವನನ್ನು ನೋಡು. ಶಹಬ್ಬಾಸ್ ಅನ್ನೋದು ನೂರಕ್ಕೆ 7ರ ಹತ್ತಿರ, ಸಿಟ್ಟು ತೋರಿಸಿದ್ದೂ ಹೆಚ್ಚುಕಮ್ಮಿ ಅಷ್ಟೇ.

ನನ್ನ ಸರ್ವಿಸ್ಸಿನ ಕೊನೆ ವರ್ಷ ಇದನ್ನು ಓದಿ, ಕಾಲು ಉಳುಕಿಸಿಕೊಂಡು ಕೂತಿದ್ದ ಒಬ್ಬ ಹುಡುಗನಿಗೆ ನೋಟ್‌ಬುಕ್ ಕೊಟ್ಟು ಗೀಟು ಹಾಕೋಕೆ ಹೇಳಿದೆ. ನಲವತ್ತು ನಿಮಿಷ. ಅತಿ ಹೆಚ್ಚು ಗೀಟು ಬಿದ್ದ ಮಾತು ‘ಏಯ್’. ಎರಡನೆಯದು ‘ಎಷ್ಟು ಸಲ ಹೇಳಬೇಕು’. ಏನು ಹೇಳಬೇಕಾಗಿತ್ತೋ ಅದಕ್ಕೆ ಒಂದು ಡಜನ್ ಗೀಟೂ ಇಲ್ಲ.

ಸೋತರೆ ಊಟ ಇಲ್ಲ:

ಅಕ್ಕೋರಿಗೆ ಉತ್ತರ. ಹನ್ನೆರಡರಲ್ಲಿ ಇಬ್ಬರಿಗೆ. ನಾನು ಮತ್ತು ನಮ್ಮ ರೈಟ್ ಕವರ್.

ಉಳಿದವರಲ್ಲಿ ಮೂವರು ಬೋಟಿನಲ್ಲಿ, ಒಬ್ಬ ಗೋವಾದಲ್ಲಿ ಹೋಟೆಲ್ ಕೆಲಸ, ಇಬ್ಬರ ಸುದ್ದಿಯೇ ಇಲ್ಲ. ಒಬ್ಬನಿಗೆ ಆ ಕೋಚ್ ಹೆಸರು ಹೇಳಿದರೆ ಈಗಲೂ ಎದ್ದು ಹೋಗುತ್ತಾನೆ. ನಾನು ಅದನ್ನು ತಮಾಷೆ ಅಂದುಕೊಂಡಿದ್ದೆ.

ಆದರೂ ಗೆಲುವು ಬೇಡ ಅಂತ ಮಾತ್ರ ಹೇಳಬೇಡಿ.

ಖೋಖೋ ಅಕ್ಕೋರು:

ಹೇಳಿಲ್ಲ. ಹೇಳೋದೂ ಇಲ್ಲ. ಲೆಕ್ಕ ಹಾಕಿ ಹೇಳಿದ್ದಕ್ಕೆ ಥ್ಯಾಂಕ್ಸ್ ಅಣ್ಣಾ.

ಯಲ್ಲಾಪುರದ ಓಟ:

ತಡವಾಗಿ ನೋಡಿದೆ. ನಾನು ಸಿದ್ದಿ, ಯಲ್ಲಾಪುರ ತಾಲೂಕು. ನಮ್ಮ ಜನರಿಗೆ ಕೋಚಿಂಗ್ ಫಿಲಾಸಫಿ ಅಂದರೆ ಒಂದು ಹಳೇ ಕತೆ.

1987ರ ಹೊತ್ತಿಗೆ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ನಮ್ಮ ಮಕ್ಕಳನ್ನು ಹುಡುಕಿಕೊಂಡು ಕಾಡಿಗೆ ಬಂತು. ಪೂರ್ವಜರು ಆಫ್ರಿಕಾದವರು, ಹಾಗಾಗಿ ಓಡುತ್ತಾರೆ ಅನ್ನೋ ಲೆಕ್ಕಾಚಾರ. ಓಡಿದ್ದು ನಿಜ. ಹರ್ಡಲ್ಸ್‌ನ ಕಮಲಾ ಸಿದ್ದಿ ಇವತ್ತಿಗೂ ನಮ್ಮ ಮನೆಮನೆಯ ಹೆಸರು. 1993ರಲ್ಲಿ ಯೋಜನೆ ನಿಂತಿತು. ಹಾಸ್ಟೆಲ್, ಶೂ, ಮೊಟ್ಟೆ, ಹಾಲು ಎಲ್ಲ ನಿಂತಿತು. ಕೆಲವರಿಗೆ ನೌಕರಿ ಆಯಿತು. ತುಂಬ ಜನ ಅದೇ ಕಾಡಿನ ಅಂಚಿಗೆ, ಅದೇ ಕೂಲಿಗೆ ವಾಪಸ್. ನಮ್ಮ ದೊಡ್ಡಪ್ಪನ ಹಳೇ ಸ್ಪೈಕ್ ಶೂ ಮಾಡಿನ ಕೆಳಗೆ ನೇತುಹಾಕಿತ್ತು. ನಾವು ಮಕ್ಕಳು ಅದರ ಮೊಳೆಯಲ್ಲಿ ಹಲಸಿನ ಬೀಜ ಚುಚ್ಚಿ ಸುಡುತ್ತಿದ್ದೆವು.

ಆ ಕೋಚ್‌ಗಳಲ್ಲಿ ಒಳ್ಳೆಯವರಿದ್ದರು, ದೊಡ್ಡಪ್ಪನೇ ಹೇಳುತ್ತಿದ್ದರು. ಅವರ ಮೇಲೆ ಸಿಟ್ಟಿಲ್ಲ. ಕಾಲು ನೋಡಿ ಆರಿಸಿದರು, ಕಾಲು ಬೇಡವಾದಾಗ ಬಿಟ್ಟರು. ಆ ಯೋಜನೆಯ ಮೇಲೆ ಸಿಟ್ಟು.

ಈಗ ನಾನು ಭಾನುವಾರ ಹದಿನಾಲ್ಕು ಮಕ್ಕಳನ್ನು ಓಡಿಸುತ್ತೇನೆ. ಶನಿವಾರ ಸಂಜೆ ಅದೇ ಮಕ್ಕಳಿಗೆ ಗಣಿತ. ಗಣಿತಕ್ಕೆ ಬರದವರು ಭಾನುವಾರ ಬರೋ ಹಾಗಿಲ್ಲ. ಇದರಿಂದ ಕಳೆದ ವರ್ಷ ನನ್ನ ಅತಿ ವೇಗದ ಹುಡುಗ ತಾಲೂಕು ಕೂಟಕ್ಕೆ ಬರಲಿಲ್ಲ. ಸರಿ ಮಾಡಿದೆನಾ ಅಂತ ಇನ್ನೂ ಯೋಚಿಸುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ತಪ್ಪು ಅಂದರೆ ಬೇಜಾರಿಲ್ಲ.

ಘಟ್ಟದ ಮೇಲಿನವ:

ತಪ್ಪು ಅನ್ನುತ್ತೇನೆ. ಅವನಿಗೆ ಗಣಿತ ಬರದಿದ್ದರೆ ಓಟವೊಂದೇ ಇದ್ದದ್ದು ಅಲ್ವಾ? ಅದನ್ನೂ ತೆಗೆದುಬಿಟ್ಟಿರಿ.

ಯಲ್ಲಾಪುರದ ಓಟ:

ದೊಡ್ಡಪ್ಪನಿಗೂ ಓಟವೊಂದೇ ಇತ್ತು. ಆದರೆ ನೀವು ಹೇಳಿದ್ದನ್ನು ತಳ್ಳಿಹಾಕೋಕೆ ಆಗುತ್ತಿಲ್ಲ. ಈ ವಾರ ಅವನ ಮನೆಗೆ ಹೋಗುತ್ತೇನೆ, ನೀವು ಹೋದ ಹಾಗೆ.

ಬೇಲೆಕೇರಿ ರೇಡರ್:

ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ಬರೆದು ಮುಗಿಸಿದೆ. ಒಂದು ಪುಟ ಆಗಲಿಲ್ಲ, ಮುಕ್ಕಾಲು. ಮೊದಲ ಸಾಲು ತೆಗೆದೆ. ಈಗ ಹೀಗಿದೆ:

‘ಒಬ್ಬ ಹುಡುಗನಿಗೆ ಒಂದು ದಿನ ಅನ್ನ ನೀರು ಬಿಡಿಸಿ ನಾನು ಒಂದು ಕಪ್ ಗೆದ್ದಿದ್ದೇನೆ. ಇನ್ನು ನನ್ನ ಹುಡುಗರು ಎಷ್ಟು ತೂಕ ಇದ್ದಾರೋ ಅಷ್ಟರ ವಿಭಾಗದಲ್ಲೇ ಆಡುತ್ತಾರೆ. ತೂಕ ಇಳಿಸಬೇಕು ಅಂದರೆ ಎರಡು ತಿಂಗಳ ಮೊದಲು ಮನೆಯವರ ಜೊತೆ ಕೂತು ಮಾತಾಡುತ್ತೇನೆ. ಬೋಟಿಗೆ ಹೋಗುವವನ ಜಾಗ ಜೂನ್‌ವರೆಗೆ ಖಾಲಿ ಇರುತ್ತದೆ ಅಂತ ಅಲ್ಲ, ಬೇರೆಯವ ಆಡುತ್ತಾನೆ, ಆದರೆ ಜೂನ್‌ನಲ್ಲಿ ಬಂದವನನ್ನು ಹೊಸಬನ ಹಾಗೆ ನೋಡೋದಿಲ್ಲ. ಯಾರು ಆಡುತ್ತಾರೆ, ಯಾಕೆ ಅಂತ ಹಿಂದಿನ ದಿನವೇ ಎಲ್ಲರ ಎದುರು ಹೇಳುತ್ತೇನೆ. ನನಗೆ ಗೆಲ್ಲುವ ಆಸೆ ಜಾಸ್ತಿ. ಜನ ಸೇರಿದಾಗ ಅದು ಇನ್ನೂ ಜಾಸ್ತಿ ಆಗುತ್ತದೆ. ಹಾಗಾಗಿ ಪಂದ್ಯದ ದಿನ ಗಾಯಗೊಂಡವನು ಮತ್ತೆ ಒಳಗೆ ಹೋಗಬೇಕೋ ಬೇಡವೋ ಅಂತ ನಾನು ತೀರ್ಮಾನಿಸೋದಿಲ್ಲ, ಬೆಂಚಿನಲ್ಲಿ ಕೂತ ನಮ್ಮೂರ ನರ್ಸ್ ತೀರ್ಮಾನಿಸುತ್ತಾರೆ.’

ನರ್ಸ್ ಅಕ್ಕ ಒಪ್ಪಿದ್ದಾರೆ. ಒಂದು ಷರತ್ತು, ಆ ಮೈಕಿನವನನ್ನು ಬೆಂಚಿನಿಂದ ದೂರ ಕೂರಿಸಬೇಕಂತೆ.

ಘಟ್ಟದ ಮೇಲಿನವ:

ಮೊದಲ ಸಾಲೇ ತಪ್ಪೊಪ್ಪಿಗೆ. ಸೀಟು ಸಿಗುತ್ತದಾ ಮಾರಾಯ್ರೆ?

ನಿವೃತ್ತ ಪಿಟಿ ಮಾಸ್ತರ್, ಕುಮಟಾ:

ಸಿಗದೇ ಇರಬಹುದು. ನಾನಾಗಿದ್ದರೆ ಕೊಡುತ್ತಿದ್ದೆ, ಆದರೆ ನಾನು ಪಂಕ್ಚರ್ ಅಂಗಡಿಯಲ್ಲಿ ಕಲಿತವ.

ಸೋತರೆ ಊಟ ಇಲ್ಲ:

ಆ ಎಡ ಕಾರ್ನರ್ ಹುಡುಗ ಡಿಸೆಂಬರ್ ಪಂದ್ಯಾವಳಿಗೆ?

ಬೇಲೆಕೇರಿ ರೇಡರ್:

ಈಗ 58 ಇದ್ದಾನೆ. 65 ಕೆಜಿ ತಂಡದಲ್ಲಿ ಬೆಂಚು. 55ರಲ್ಲಿ ಎಡ ಕಾರ್ನರಿಗೆ ಹೊಸ ಹುಡುಗ, ಒಂಬತ್ತನೇ ಕ್ಲಾಸ್. ಆಂಕಲ್‌ಗೆ ಬೀಳುತ್ತಾನೆ, ಆದರೆ ತಲೆ ಮೊದಲು ಹೋಗುತ್ತದೆ. ಮಂಡಿ ತಾಗಿದರೆ ಮೂಗು ಹೋಯಿತು. ನನ್ನ ಕಾಲಿಗೆ ಕೂತು ತೋರಿಸೋಕೆ ಆಗೋದಿಲ್ಲ. ಮೊದಲ ಸುತ್ತಿನಲ್ಲೇ ಹೊರಗೆ ಬೀಳಬಹುದು.

ಸೋತರೆ ಊಟ ಇಲ್ಲ:

ತಲೆ ಹೊರಗಿಟ್ಟು ಭುಜದಲ್ಲಿ ಹೋಗಬೇಕು. ಬರೆದರೆ ತಿಳಿಯೋದಿಲ್ಲ. ಈ ಭಾನುವಾರ ನನಗೆ ರಜೆ. ಬಂದು ತೋರಿಸಲಾ? ಬರಲು ತರೋದಿಲ್ಲ.

ಬೇಲೆಕೇರಿ ರೇಡರ್:

ಬನ್ನಿ ಅಣ್ಣಾ. ಐದೂವರೆಗೆ. ಬಂಗಡೆ ಸಿಕ್ಕಿದರೆ ರಾತ್ರಿ ಊಟಕ್ಕೂ ಇರಿ.